ಅರ್ಧ ಇಷ್ಟ, ಅರ್ಧ ಸಿಟ್ಟು: ಇಂಥ ಎಪಿಸೋಡ್ ಬಗ್ಗೆ ಬರೆಯೋದು ಹೇಗೆ

ಎಪಿಸೋಡ್ ಮುಗಿದ ತಕ್ಷಣ ಬರೆಯಲು ಕೂರಬೇಡಿ. ನಾನು ಕೂತಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಡಾಕ್ಟರ್ ಅನ್ನುವವನೊಬ್ಬ ಕಾಲದಲ್ಲಿ ಹಿಂದೆ ಮುಂದೆ ಸುತ್ತುವ ಬ್ರಿಟಿಷ್ ಟಿವಿ ಸರಣಿ ಡಾಕ್ಟರ್ ಹೂ, ಅದರ ‘ಕಿಲ್ ದ ಮೂನ್’ ಎಪಿಸೋಡ್ ನೋಡಿದ ರಾತ್ರಿ, ಶಿಡ್ಲಘಟ್ಟದ ನಮ್ಮ ಮನೆ ಜಗಲಿ ಮೇಲೆ ಕೂತು ಫೋನಿನಲ್ಲೇ ಉದ್ದಕ್ಕೂ ಬೈದು ಬರೆದೆ. ಬೆಳಿಗ್ಗೆ ಎದ್ದು ನಾವು ಸಾಕುವ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವಾಗ ನೋಡಿದರೆ, ತಲೆಯಲ್ಲಿ ಓಡುತ್ತಿದ್ದದ್ದು ಕೊನೇ ಐದು ನಿಮಿಷದ ಜಗಳ ಮಾತ್ರ, ಅದೂ ತುಂಬಾ ಇಷ್ಟವಾದ ಭಾಗ. ಬರೆದದ್ದರಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಹಾಗಾಗಿ ಒಂದು ರಾತ್ರಿ ಬಿಡಿ. ಮಾರನೇ ದಿನ ಏನು ನೆನಪಿದೆಯೋ ಅದನ್ನು ಒಂದು ಚೀಟಿಯಲ್ಲಿ ಗೀಚಿಕೊಳ್ಳಿ. ಬೇರೆಯವರು ಏನಂದರು ಅಂತ ಓದುವುದಕ್ಕೆ ಮುಂಚೆ. ಓದಿಬಿಟ್ಟರೆ ಸಿಟ್ಟು ಯಾರದ್ದು ಅಂತಲೇ ಗೊತ್ತಾಗಲ್ಲ.

ಆಮೇಲೆ ಕಥೆಯನ್ನು ನಾಲ್ಕೈದು ಸಾಲಲ್ಲಿ ಹೇಳಿಬಿಡಿ. ಜಾಸ್ತಿ ಬೇಡ. ನಾನು ಹೀಗೆ ಬರೆದೆ: ವರ್ಷ 2049. ಚಂದ್ರನ ತೂಕ ಏರಿ ಭೂಮಿಯಲ್ಲಿ ಸಮುದ್ರ ಉಕ್ಕುತ್ತಿದೆ. ಅಣುಬಾಂಬ್ ಹೊತ್ತ ಹಳೇ ಶಟಲ್‌ನಲ್ಲಿ ಗಗನಯಾತ್ರಿಗಳು ಬಂದಿಳಿಯುತ್ತಾರೆ. ಡಾಕ್ಟರ್, ಅವನ ಜೊತೆ ಸುತ್ತುವ ಟೀಚರ್ ಕ್ಲಾರಾ, ಅವಳ ಶಾಲೆಯ ಹುಡುಗಿ ಕೋರ್ಟ್ನಿ ಕೂಡ ಅಲ್ಲಿರುತ್ತಾರೆ. ನೋಡಿದರೆ ಚಂದ್ರ ಒಂದು ಮೊಟ್ಟೆ. ಮರಿಯನ್ನು ಕೊಲ್ಲಬೇಕೋ ಬಿಡಬೇಕೋ ಅನ್ನುವ ಹೊತ್ತಿಗೆ ಡಾಕ್ಟರ್, ಅದು ನಿಮ್ಮ ತೀರ್ಮಾನ ಅಂತ ಹೊರಟೇ ಹೋಗುತ್ತಾನೆ. ಪ್ರಸಾರವಾದದ್ದು 2014ರ ಅಕ್ಟೋಬರ್ 4ರಂದು, ಬರೆದವರು ಪೀಟರ್ ಹಾರ್ನೆಸ್, ಡಾಕ್ಟರ್ ಆಗಿ ಪೀಟರ್ ಕಪಾಲ್ಡಿ. ಇಷ್ಟು ಸಾಕು.

ಈಗ ಕಷ್ಟದ ಕೆಲಸ. ಏನು ಚುಚ್ಚಿತು ಅನ್ನುವುದನ್ನು ಬಿಡಿಸಿ ನೋಡಬೇಕು. ‘ಸೈನ್ಸ್ ತಪ್ಪು’ ಅಂತ ಒಂದೇ ಮಾತಲ್ಲಿ ಮುಗಿಸಬೇಡಿ, ಲೆಕ್ಕ ಹಾಕಿ. ಚಂದ್ರನ ತೂಕ 130 ಕೋಟಿ ಟನ್ ಏರಿದೆ ಅನ್ನುತ್ತಾರೆ. ಕೇಳೋದಕ್ಕೆ ಭಾರಿ. ಆದರೆ ಚಂದ್ರನ ನಿಜವಾದ ತೂಕ ಸುಮಾರು 7.35 ಲಕ್ಷ ಕೋಟಿ ಕೋಟಿ ಟನ್, ಕೋಟಿ ಅನ್ನುವ ಮಾತು ಎರಡು ಸಲ. ಅಂದರೆ ಹತ್ತು ಟನ್ ತೂಗುವ ಲಾರಿ ಮೇಲೆ ಒಂದು ರೇಷ್ಮೆ ಹುಳುವಿನ ಮೊಟ್ಟೆ ಇಟ್ಟ ಹಾಗೆ, ಅದೂ ಇಡೀ ಮೊಟ್ಟೆ ಅಲ್ಲ, ಹೆಚ್ಚುಕಡಿಮೆ ಅದರ ಮೂರನೇ ಒಂದು ಪಾಲು. ಅಷ್ಟಕ್ಕೆ ಲಾರಿಯ ಸ್ಪ್ರಿಂಗ್ ಮುರಿಯುತ್ತಾ? ಇಂಥ ಒಂದು ಲೆಕ್ಕ ಹತ್ತು ಬೈಗುಳಕ್ಕೆ ಸಮ.

ಅಮ್ಮನಿಗೆ ಕಥೆ ಹೇಳಿದೆ. ಅವರು ಲಾರಿ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

‘ಮೊಟ್ಟೆ ತೂಕ ಹೆಂಗೆ ಏರತ್ತೋ? ಕಾವಿಗೆ ಕೂರಿಸಿದ ಮೊಟ್ಟೆ ಹಗುರ ಆಗತ್ತೆ.’

ನಿಜ ಅಲ್ವಾ. ಕೋಳಿ ಮೊಟ್ಟೆ 21 ದಿನ ಕಾವಿನಲ್ಲಿದ್ದರೆ ಚಿಪ್ಪಿನ ಸಣ್ಣ ತೂತುಗಳಿಂದ ಒಳಗಿನ ನೀರು ಆವಿಯಾಗುತ್ತೆ, ತೂಕ ಇಳಿಯುತ್ತೆ. ಮರಿ ಬೆಳೆಯುವುದು ಒಳಗೆ ಇರುವುದನ್ನೇ ತಿಂದು. ಹೊರಗಿನಿಂದ ಏನೂ ಸೇರದೆ ತೂಕ ಏರುವುದಿಲ್ಲ. ಇಷ್ಟು ಸಲ ನೋಡಿದ ನನಗೆ ಇದು ಹೊಳೆದೇ ಇರಲಿಲ್ಲ. ಅದಕ್ಕೇ ಸರಣಿ ನೋಡದ ಒಬ್ಬರಿಗೆ ಕಥೆ ಹೇಳಿ ನೋಡಿ. ಅಭಿಮಾನಿಗಳಿಗೆ ರೂಢಿಯಾಗಿ ಕಾಣದೆ ಹೋದದ್ದು ಅವರಿಗೆ ಕಾಣುತ್ತೆ.

ಇನ್ನೊಂದು ಮಜಾ ಕೇಳಿ. ಕೊನೆಯಲ್ಲಿ ಮರಿ ಹೊರಬಂದ ಕೂಡಲೇ ಹೊಸ ಮೊಟ್ಟೆ ಇಟ್ಟು ಹಾರಿಹೋಗುತ್ತೆ. ಈಗ ಹುಟ್ಟಿದ್ದು ಈಗಲೇ ಮೊಟ್ಟೆ ಇಡುತ್ತಾ ಅಂತ ನಾನು ನಕ್ಕಿದ್ದೆ. ಅಮ್ಮ ನಗಲಿಲ್ಲ. ಗೂಡಿನಿಂದ ಈಚೆ ಬಂದ ರೇಷ್ಮೆ ಚಿಟ್ಟೆ ಏನೂ ತಿನ್ನುವುದಿಲ್ಲ, ಗಂಡಿನ ಜೊತೆ ಸೇರಿ ಅವತ್ತೇ ಮೊಟ್ಟೆ ಇಡಲು ಶುರು ಮಾಡುತ್ತೆ, ನಾನೂರು ಐನೂರು. ಅದನ್ನು ಕಂಡವರಿಗೆ ಇದರಲ್ಲಿ ಏನು ವಿಚಿತ್ರ? ಆದರೆ ತಾನು ಬಂದ ಮೊಟ್ಟೆಯಷ್ಟೇ ದೊಡ್ಡ ಮೊಟ್ಟೆ ಅಂದರೆ ಮಾತ್ರ ಅಮ್ಮನೂ ಒಪ್ಪಲಿಲ್ಲ. ನನ್ನ ಮೊದಲ ಬರಹದ ಅರ್ಧ ನಗೆ ಅಲ್ಲಿಗೆ ಹೋಯಿತು. ನಿಮ್ಮ ದೂರನ್ನೂ ಹೀಗೆ ಒಮ್ಮೆ ಪರೀಕ್ಷೆಗೆ ಒಡ್ಡಿ. ನಿಲ್ಲದ ದೂರನ್ನು ಸುಮ್ನೆ ಹೊಡೆದುಹಾಕಿ.

ಇಷ್ಟೆಲ್ಲ ಆದರೂ ಸೈನ್ಸ್ ತಪ್ಪನ್ನು ನಾನು ಕ್ಷಮಿಸುತ್ತೇನೆ. ನೀಲಿ ಪೆಟ್ಟಿಗೆಯಲ್ಲಿ ಕಾಲ ಸುತ್ತುವವನ ಕಥೆಯನ್ನು ನಂಬಿ ಕೂತವನು ಚಂದ್ರ ಮೊಟ್ಟೆ ಅಂದಾಗ ಮಾತ್ರ ಎದ್ದು ನಿಂತರೆ ಹೇಗೆ? ಕ್ಷಮಿಸಲು ಆಗದ್ದು ಬೇರೆ ಜಾತಿಯ ತಪ್ಪು, ಕಥೆ ತಾನೇ ಕೊಟ್ಟ ಮಾತನ್ನು ತಾನೇ ಮುರಿಯುವುದು. ಇವೆರಡನ್ನು ಬೇರೆ ಬೇರೆ ಬರೆಯಿರಿ. ಇಲ್ಲಿ ಕ್ಲಾರಾ ಭೂಮಿಯ ಜನರನ್ನೇ ಕೇಳುತ್ತಾಳೆ: ಮರಿ ಸಾಯಲಿ ಅಂದರೆ ಲೈಟ್ ಆರಿಸಿ, ಬದುಕಲಿ ಅಂದರೆ ಹಾಗೇ ಬಿಡಿ. ಒಂದೊಂದೇ ಊರು ಕತ್ತಲಾಗುತ್ತೆ. ಜನ ‘ಸಾಯಲಿ’ ಅಂದಿದ್ದಾರೆ. ಕ್ಲಾರಾ ಅದನ್ನು ತಳ್ಳಿಹಾಕಿ ಕೊನೇ ಕ್ಷಣದಲ್ಲಿ ಬಾಂಬ್ ನಿಲ್ಲಿಸುತ್ತಾಳೆ. ನಿಲ್ಲಿಸಲಿ, ನಾನೂ ನಿಲ್ಲಿಸುತ್ತಿದ್ದೆ. ಆದರೆ ಕೋಟ್ಯಂತರ ಜನರನ್ನು ಕೇಳಿ, ಉತ್ತರ ಪಡೆದು, ಅದನ್ನು ಕಸದ ಹಾಗೆ ಬಿಸಾಕಿದ್ದಕ್ಕೆ ಕಥೆ ಯಾರನ್ನೂ ಒಂದು ಮಾತು ಕೇಳುವುದಿಲ್ಲ. ಎಲ್ಲ ಒಳ್ಳೆಯದೇ ಆಯಿತು ಅಂತ ಹೊಸ ಚಂದ್ರನನ್ನು ತೋರಿಸಿ ಮುಂದೆ ಹೋಗುತ್ತೆ. ಅದು ಈಗಲೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಬಾವನಿಗೆ ಹೇಳಿದರೆ ಅವರ ಚಿಂತೆಯೇ ಬೇರೆ: ‘ನಮ್ಮ ಕಡೆ ಆ ಹೊತ್ತಿಗೆ ಕರೆಂಟೇ ಇರಲ್ಲ. ಕೇಳದೇನೇ ಕೊಲ್ಲು ಅಂದಂಗಾಯ್ತಲ್ಲ!’

ಇಷ್ಟವಾದದ್ದನ್ನು ಬರೆಯುವುದು ಇನ್ನೂ ಕಷ್ಟ. ‘ನಟನೆ ಸೂಪರ್’ ಅಂತ ಬರೆದರೆ ಯಾರಿಗೆ ಏನು ಸಿಕ್ಕಿತು? ಮಾರ್ಕೆಟ್‌ನಲ್ಲಿ ಗೂಡು ಕೊಳ್ಳುವವರು ರಾಶಿಯಿಂದ ಒಂದನ್ನು ಎತ್ತಿ ಕಿವಿ ಹತ್ತಿರ ಅಲ್ಲಾಡಿಸುತ್ತಾರೆ, ಒಳಗೆ ಹುಳು ಸದ್ದು ಮಾಡುತ್ತಾ ಅಂತ. ಹಾಗೆ ಒಂದೇ ಸೀನ್ ಎತ್ತಿಕೊಳ್ಳಿ. ನಾನು ಎತ್ತಿಕೊಂಡದ್ದು ಕೊನೆಯ ಜಗಳ. ನಿಮ್ಮ ಮೇಲೆ ನಂಬಿಕೆ ಇಟ್ಟೇ ಬಿಟ್ಟುಹೋದೆ, ಅದು ಗೌರವ ಅನ್ನುತ್ತಾನೆ ಡಾಕ್ಟರ್. ಕ್ಲಾರಾ ಅಳುತ್ತಲೇ ಅವನನ್ನು ಅಲ್ಲಿಂದ ತೊಲಗು ಅನ್ನುತ್ತಾಳೆ. ಕ್ಲಾರಾ ಪಾತ್ರದ ಜೆನ್ನಾ ಕೋಲ್ಮನ್ ದನಿ ನಡುಗುವುದನ್ನು ನೋಡಬೇಕು.

ಆ ಸೀನ್ ನನಗೆ ಯಾಕೆ ತಾಗಿತು ಅಂತಲೂ ಬರೆದೆ. ಒಂದು ಸಲ ನಾಲ್ಕನೇ ಜ್ವರ (ಹುಳು ಪೊರೆ ಬಿಡುವುದಕ್ಕೆ ನಾವು ಹೇಳುವ ಹೆಸರು) ಎದ್ದ ಮೇಲೆ ನಮ್ಮ ಹುಳುಗಳಿಗೆ ಹಾಲುತೊಂಡೆ ರೋಗ ಬಂತು. ಮೈ ಊದಿ, ಮುಟ್ಟಿದರೆ ಬೆಳ್ಳಗೆ ಸೋರುತ್ತಿತ್ತು. ಎಲ್ಲ ಬಲ್ಲ ಹಿರಿಯರೊಬ್ಬರು ಬಂದು ತಟ್ಟೆ ಎತ್ತಿ ನೋಡಿ, ‘ನಿಮ್ಮ ಹುಳು, ನಿಮ್ಮ ಇಷ್ಟ’ ಅಂತ ಚಪ್ಪಲಿ ಮೆಟ್ಟಿ ಹೊರಟರು. ಎಸೆಯಬೇಕಾ, ಉಳಿದದ್ದಕ್ಕೆ ಸೊಪ್ಪು ಹಾಕಬೇಕಾ, ಒಂದು ಮಾತು ಹೇಳಲಿಲ್ಲ. ಅಪ್ಪ ಬಾಗಿಲಲ್ಲೇ ನಿಂತಿದ್ದರು. ಕ್ಲಾರಾ ಅಂದದ್ದನ್ನು ಅಪ್ಪ ಅನ್ನಲಿಲ್ಲ, ಅಷ್ಟೇ ವ್ಯತ್ಯಾಸ.

ಉಳಿದ ಸಣ್ಣಪುಟ್ಟದ್ದಕ್ಕೆ ಒಂದೊಂದು ಸಾಲು ಸಾಕು. ಚಂದ್ರನ ನೆಲಕ್ಕೆ ಸ್ಪೇನಿನ ಲಾಂಜರೋಟೆ ದ್ವೀಪದ ಜ್ವಾಲಾಮುಖಿ ನೆಲ ಬಳಸಿದ್ದಾರೆ, ನೋಡಲು ಚೆನ್ನಾಗಿದೆ. ಕೋರ್ಟ್ನಿ ಕ್ರಿಮಿನಾಶಕ ಸ್ಪ್ರೇ ಹೊಡೆದು ಜೇಡದಂಥ ಪ್ರಾಣಿಯನ್ನು (ಕಥೆಯಲ್ಲಿ ಅದು ದೈತ್ಯ ರೋಗಾಣು) ಕೊಲ್ಲುವುದನ್ನು ಎಷ್ಟೋ ಜನ ಆಡಿಕೊಳ್ಳುತ್ತಾರೆ, ಬೆಳೆಗೊಂದು ಸಲ ಹುಳು ಮನೆಗೆ ಬ್ಲೀಚಿಂಗ್ ಹೊಡೆಯುವ ನನಗೆ ಅದು ಸರಿಯಾಗೇ ಕಂಡಿತು.

ಮಾರ್ಕ್ಸ್ ಕೊಡಬೇಡಿ. ಹತ್ತಕ್ಕೆ ಹತ್ತು ಅನ್ನಿಸಿದ ಜಗಳವನ್ನೂ ಸೊನ್ನೆ ಅನ್ನಿಸಿದ ಮತದಾನವನ್ನೂ ಕೂಡಿಸಿ ಐದು ಅಂದರೆ, ಏನೂ ಅನ್ನಿಸದ ಎಪಿಸೋಡಿಗೂ ಅದೇ ಐದು. ‘ಒಟ್ಟಾರೆ ಪರವಾಗಿಲ್ಲ’ ಅನ್ನುವ ಸಾಲನ್ನೂ ತೆಗೆಯಿರಿ. ನಾನು ತೆಗೆದೆ. ಆ ಜಾಗದಲ್ಲಿ ಬಾವನ ಕರೆಂಟಿನ ಮಾತು ಹಾಕಿ ಕಳಿಸಿದೆ.