ತಂಬಾಕಿನ ಪೊಟ್ಟಣದ ಎಚ್ಚರಿಕೆಯನ್ನು ಪರೀಕ್ಷಿಸುವುದು ಹೇಗೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ, ಉಪ್ಪಳ, ಎಲ್ಲಿನ ಗೂಡಂಗಡಿಯಲ್ಲೂ ವೀಳ್ಯದೆಲೆ, ಅಡಕೆ, ಸುಣ್ಣದ ಪಕ್ಕದಲ್ಲೇ ಬೀಡಿ, ಸಿಗರೇಟು, ಹೊಗೆಸೊಪ್ಪು ಇರುತ್ತವೆ. ಪೊಟ್ಟಣದ ಮೇಲಿನ ರೋಗದ ಚಿತ್ರ ಕಣ್ಣಿಗೆ ಎಷ್ಟು ಅಭ್ಯಾಸವಾಗಿದೆಯೆಂದರೆ ಅದು ಸರಿಯಾಗಿದೆಯೇ ಎಂದು ಯಾರೂ ನೋಡುವುದಿಲ್ಲ. ನೋಡಬೇಕು.

ಮೊದಲು ಅಳತೆ. 2016ರ ಏಪ್ರಿಲ್ 1ರಿಂದ ಪೊಟ್ಟಣದ ಮುಖ್ಯ ಬದಿಗಳಲ್ಲಿ ಶೇ 85ರಷ್ಟು ಜಾಗ ಎಚ್ಚರಿಕೆಗೇ ಮೀಸಲು: ಚಿತ್ರಕ್ಕೆ ಶೇ 60, ಬರಹಕ್ಕೆ ಶೇ 25. ಸ್ಕೇಲು ಹಿಡಿಯಬೇಕಾಗಿಲ್ಲ, ಬ್ರಾಂಡಿನ ಹೆಸರಿಗೆ ತೆಳ್ಳನೆಯ ಪಟ್ಟಿಯಷ್ಟೇ ಜಾಗ ಉಳಿದಿರಬೇಕು. ಪೊಟ್ಟಣವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ. ಅಲ್ಲಿ ಚಿತ್ರವಿಲ್ಲದಿದ್ದರೆ ಅದು ನಿಯಮದ ಉಲ್ಲಂಘನೆ.

ಆಮೇಲೆ ಬರಹ. ಪೊಟ್ಟಣದಲ್ಲಿ ಬಳಸಿದ ಭಾಷೆಯಲ್ಲೇ ಎಚ್ಚರಿಕೆಯೂ ಇರಬೇಕು ಎನ್ನುತ್ತದೆ ನಿಯಮ. ಆದ್ದರಿಂದ ಇಂಗ್ಲಿಷ್ ಪೊಟ್ಟಣದಲ್ಲಿ ಕನ್ನಡ ಹುಡುಕಿ ಪ್ರಯೋಜನವಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ಬದುಕುವ ಕಾಸರಗೋಡಿನಲ್ಲಿ ಚಿತ್ರಕ್ಕೆ ಇಷ್ಟು ದೊಡ್ಡ ಜಾಗ ಕೊಟ್ಟಿದ್ದು ಎಷ್ಟು ಸರಿ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಅಕ್ಷರ ಬಾರದ ಅಜ್ಜಿಗೂ ಅದು ಅರ್ಥವಾಗುತ್ತದೆ. ಚಿತ್ರಗಳನ್ನು ಸರ್ಕಾರ ಆಗಾಗ ಬದಲಿಸುತ್ತದೆ. ಎರಡು ಪೊಟ್ಟಣಗಳಲ್ಲಿ ಬೇರೆ ಬೇರೆ ಚಿತ್ರ ಕಂಡರೆ ಗಾಬರಿ ಬೇಡ.

2018ರ ಸೆಪ್ಟೆಂಬರ್‌ನಿಂದ 1800-11-2356 ಎಂಬ ಸಂಖ್ಯೆಯೂ ಕಡ್ಡಾಯ. ತಂಬಾಕು ಬಿಡಬೇಕೆನ್ನುವವರಿಗೆ ಉಚಿತವಾಗಿ ಸಲಹೆ ಸಿಗುವ ಸಹಾಯವಾಣಿ ಇದು. ಮನೆಯಲ್ಲಿ ಬೀಡಿ ಸೇದುವವರಿದ್ದರೆ ಈ ಸಂಖ್ಯೆಯನ್ನು ಇಂದೇ ಮೊಬೈಲ್‌ನಲ್ಲಿ ಉಳಿಸಿಕೊಡಿ.

ಎಚ್ಚರಿಕೆಯೇ ಇಲ್ಲದ ಪೊಟ್ಟಣ ಸಿಕ್ಕರೆ ಫೋಟೊ ತೆಗೆದು ಪೊಲೀಸ್ ಠಾಣೆಗೆ ತಿಳಿಸಿ. 2003ರ ತಂಬಾಕು ನಿಯಂತ್ರಣ ಕಾಯ್ದೆಯಂತೆ ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿಗೆ ಅಂಗಡಿಯನ್ನು ಶೋಧಿಸುವ ಅಧಿಕಾರವಿದೆ. ತಯಾರಕರಷ್ಟೇ ಅಲ್ಲ, ಮಾರಿದವರೂ ಹೊಣೆ: ಮಾರಿದವರಿಗೆ ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಗಾಗಿ ಅಂಗಡಿಯವರು ಸರಕು ಇಳಿಸಿಕೊಳ್ಳುವಾಗಲೇ ನೋಡಿಕೊಳ್ಳುವುದು ಒಳ್ಳೆಯದು.

ನನ್ನನ್ನು ಹೆಚ್ಚು ಕಾಡುವುದು ಬಿಡಿ ಮಾರಾಟ. ಒಂದೇ ಸಿಗರೇಟು, ನಾಲ್ಕೇ ಬೀಡಿ, ಕಾಗದದಲ್ಲಿ ಸುತ್ತಿದ ಒಂದು ತುಂಡು ಹೊಗೆಸೊಪ್ಪು ಕೊಳ್ಳುವವನ ಕೈಗೆ ಪೊಟ್ಟಣವೇ ಬರುವುದಿಲ್ಲ. ಶೇ 85ರ ಚಿತ್ರ ಅಂಗಡಿಯ ಡಬ್ಬಿಯಲ್ಲೇ ಉಳಿಯುತ್ತದೆ. ಎಲೆ ಹಾಕುವ ಹಿರಿಯರು ಬಿಡಿಯಾಗಿ ತರಲು ಹೇಳಿದಾಗ, ಪೊಟ್ಟಣವನ್ನೊಮ್ಮೆ ತೋರಿಸಿ ಎಂದು ಅಂಗಡಿಯವರನ್ನು ಕೇಳಿ. ಅದರ ಫೋಟೊ ತೆಗೆದು ಮನೆಗೆ ಬಂದು ಅವರ ಮುಂದೆ ಹಿಡಿಯಿರಿ.