ಹಳೆ ಫಿಯೆಟ್‌ಗೆ ಬೀಡಿಂಗ್ ಕೂರಿಸುವುದು ಹೇಗೆ?

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯಾವರೆಗೆ ಅಲ್ಲೊಂದು ಇಲ್ಲೊಂದು ಮನೆಯ ಶೆಡ್ಡಿನಲ್ಲಿ ಈಗಲೂ ಹಳೆ ಫಿಯೆಟ್ ಸಿಗುತ್ತದೆ. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಬಂದದ್ದು, 1974ರಿಂದ ಪ್ರೀಮಿಯರ್ ಪದ್ಮಿನಿ ಆಯಿತು. ತಯಾರಾಗುತ್ತಿದ್ದದ್ದು ಮುಂಬೈಯ ಕುರ್ಲಾದಲ್ಲಿ. ಇಂಥ ಕಾರಿಗೆ ಟಿಂಕರಿಂಗ್, ಪೈಂಟಿಂಗ್ ಎಂದು ದೊಡ್ಡ ಮೊತ್ತ ಸುರಿದವರೂ ಬದಿಯ ಹೊಳೆಯುವ ಪಟ್ಟಿ, ಅಂದರೆ ಬೀಡಿಂಗ್, ಹಾಕುವಾಗ ಅವಸರ ಮಾಡುತ್ತಾರೆ. ಕ್ಲಿಪ್ ಒತ್ತಿದರು, ಪಟ್ಟಿ ಕೂರಿಸಿದರು, ಮುಗಿಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪಟ್ಟಿಯ ಅಡಿಯಿಂದ ಕಂದು ನೀರು ಇಳಿಯುತ್ತದೆ.

ಕಾರಣ ಸರಳ. ಒಂದೊಂದು ಕ್ಲಿಪ್ಪಿಗೂ ಬಾಡಿಯ ತಗಡಿನಲ್ಲಿ ಒಂದೊಂದು ತೂತು ಇದೆ. ತೂತಿನ ಅಂಚಿನಲ್ಲಿ ಪೈಂಟ್ ತೆಳುವಾಗಿಯೇ ನಿಲ್ಲುವುದು. ಕ್ಲಿಪ್ ಒತ್ತುವಾಗ ಇದ್ದ ಪೈಂಟೂ ಕೆರೆದು ಹೋಗುತ್ತದೆ. ಪಟ್ಟಿಯ ಹಿಂದೆ ಕೆಂಪು ಮಣ್ಣು ಸೇರಿ ಒದ್ದೆಯನ್ನು ಹಿಡಿದಿಡುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಕಡಲ ಗಾಳಿಯ ಉಪ್ಪು ಬೇರೆ. ಹಾಗಾಗಿ ಬೀಡಿಂಗ್ ಕೆಲಸದಲ್ಲಿ ಹೆಚ್ಚಿನ ಹೊತ್ತು ಪಟ್ಟಿಗಲ್ಲ, ತೂತಿಗೆ ಕೊಡಬೇಕು.

ಜನವರಿಯಲ್ಲಿ ಕುಂಬಳೆ ಬೆಡಿ, ಅಂದರೆ ಕುಂಬಳೆ ದೇವಸ್ಥಾನದ ಜಾತ್ರೆಯ ಸುಡುಮದ್ದು, ಮುಗಿದ ಮೇಲೆ ಶುರು ಮಾಡಿದರೆ ಒಳ್ಳೆಯದು. ಗಾಳಿ ಒಣಗಿರುತ್ತದೆ. ಮಳೆಗಾಲಕ್ಕೆ ಮೊದಲು, ಮೇ ಕೊನೆಯ ವಾರಕ್ಕೆ ಬರುವ ಪತ್ತನಾಜೆಯೊಳಗೆ ಎಲ್ಲ ಮುಗಿದಿರಬೇಕು. ಹೊಸ ಪೈಂಟ್ ಆಗಿದ್ದರೆ ಎರಡು ಮೂರು ವಾರ ಬಿಟ್ಟು ಬೀಡಿಂಗಿಗೆ ಕೈ ಹಾಕಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಪೈಂಟ್ ಮೆತ್ತಗಿದ್ದರೆ ಪಟ್ಟಿಯ ಅಂಚು ಅದರಲ್ಲಿ ಗೆರೆ ಬೀಳಿಸುತ್ತದೆ.

ಹಳೆ ಪಟ್ಟಿ ಬಿಚ್ಚುವುದು

ಮೊದಲು ಡೋರ್ ಪ್ಯಾಡ್, ಅಂದರೆ ಡೋರಿನ ಒಳಬದಿಯ ಹೊದಿಕೆ, ತೆಗೆದು ಒಳಗೆ ನೋಡಿ. ಪಟ್ಟಿಯ ತುದಿಗಳನ್ನು ಸಾಮಾನ್ಯವಾಗಿ ಸಣ್ಣ ಬೋಲ್ಟು, ನಟ್ಟು ಹಿಡಿದಿರುತ್ತವೆ. ನಡುವಿನಲ್ಲಿ ಇರುವುದು ಕ್ಲಿಪ್. ನಟ್ಟು ಇರುವುದು ಗೊತ್ತಿಲ್ಲದೆ ಹೊರಗಿನಿಂದ ಎಳೆದರೆ ಪಟ್ಟಿ ಮಡಚಿ ಹೋಗುತ್ತದೆ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಆಮೇಲೆ ಹೊರಗಿನಿಂದ, ಪೈಂಟಿನ ಮೇಲೆ ದಪ್ಪ ಬಟ್ಟೆ ಇಟ್ಟು, ಚಪ್ಪಟೆ ಪ್ಲಾಸ್ಟಿಕ್ ತುಂಡಿನಿಂದ ಕ್ಲಿಪ್ ಇರುವ ಜಾಗದಲ್ಲೇ ಮೆಲ್ಲಗೆ ಎಬ್ಬಿಸಿ. ಬರೀ ಸ್ಕ್ರೂ ಡ್ರೈವರ್ ತೂರಿಸಬೇಡಿ. ತೆಗೆದ ಪ್ರತಿ ಪಟ್ಟಿಗೂ ಪೇಪರ್ ಟೇಪ್ ಅಂಟಿಸಿ, ‘ಎಡ, ಮುಂದಿನ ಡೋರ್’ ಎಂದು ಬರೆಯಿರಿ. ಎಡಬಲ ಒಂದೇ ತರ ಕಂಡರೂ ತುದಿಯ ಬಾಗು ಬೇರೆ ಇರುತ್ತದೆ.

ಹಳೆ ಪಟ್ಟಿ ಮುರಿಯದೆ ಬಂದರೆ ಅದನ್ನೇ ಉಳಿಸಿಕೊಳ್ಳಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆ ಬಾಗು ಆ ಕಾರಿಗೇ ಹೊಂದಿರುತ್ತದೆ. ಹೊಸದು ಬೇಕೇ ಬೇಕೆಂದರೆ ಗುಜರಿ ಅಂಗಡಿಗೆ ಅಳತೆ ಬರೆದುಕೊಂಡು ಹೋಗುವುದಲ್ಲ, ಹಳೆ ತುಂಡನ್ನೇ ಹಿಡಿದುಕೊಂಡು ಹೋಗಿ.

ಸಣ್ಣ ತಗ್ಗುಗಳನ್ನು ಪಟ್ಟಿಯ ಹಿಂಬದಿಯಿಂದ, ಗಟ್ಟಿ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ ಎಬ್ಬಿಸಬಹುದು. ಹೊಳಪು ಕೊಡುವ ಮೊದಲು ಪಟ್ಟಿ ಯಾವ ಲೋಹದ್ದು ಎಂದು ನೋಡಿ. ಸ್ಟೇನ್‌ಲೆಸ್ ಸ್ಟೀಲ್ ಆದರೆ 800, 1000, 2000 ನಂಬರಿನ ವಾಟರ್ ಪೇಪರಿನಲ್ಲಿ ಒದ್ದೆ ಮಾಡಿ ಉಜ್ಜಿ, ಕೊನೆಗೆ ಪಾಲಿಷ್ ಹಾಕಿ. ಕ್ರೋಮ್ ಲೇಪದ್ದಾದರೆ ವಾಟರ್ ಪೇಪರ್ ಮುಟ್ಟಿಸಲೇಬೇಡಿ, ಲೇಪವೇ ಹೋಗುತ್ತದೆ. ಅಯಸ್ಕಾಂತ ಹಿಡಿಯದ, ಕೈಗೆ ತೀರಾ ಹಗುರ ಎನಿಸುವ ಪಟ್ಟಿ ಅಲ್ಯೂಮಿನಿಯಂ. ಅದಕ್ಕೆ ಸಾಬೂನು ನೀರು, ಮೆತ್ತಗಿನ ಬಟ್ಟೆ ಸಾಕು.

ತೂತಿನ ಕೆಲಸ

ಒಂದೊಂದೇ ತೂತಿಗೆ ಟಾರ್ಚ್ ಹಿಡಿದು ನೋಡಿ. ಅಂಚಿನಲ್ಲಿ ಪೈಂಟ್ ಉಬ್ಬಿದ್ದರೆ ಅಡಿಯಲ್ಲಿ ತುಕ್ಕು ಇದೆ ಎಂದೇ ಅರ್ಥ. ಉಬ್ಬಿದ್ದನ್ನು ಕೆರೆದು, ಬೆಳ್ಳಗಿನ ತಗಡು ಕಾಣುವವರೆಗೆ ಉಜ್ಜಿ. ಡೋರಿನ ಒಳಬದಿಯಿಂದಲೂ ಉಜ್ಜಬೇಕು. ಒಳಬದಿ ಕಣ್ಣಿಗೆ ಬೀಳುವುದಿಲ್ಲ ಎಂದು ಬಿಡುವವರೇ ಜಾಸ್ತಿ, ತುಕ್ಕು ಶುರುವಾಗುವುದೂ ಅಲ್ಲಿಂದಲೇ. ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಸಣ್ಣ ಬ್ರಷ್ ಹಿಡಿದು ತೂತಿನ ಅಂಚಿಗೆ ಸುತ್ತಲೂ ಪ್ರೈಮರ್ ಬಳಿಯಿರಿ. ಸತುವಿನ ಪ್ರೈಮರ್ ಸಿಕ್ಕಿದರೆ ಒಳ್ಳೆಯದು, ಇಲ್ಲದಿದ್ದರೆ ರೆಡ್ ಆಕ್ಸೈಡ್. ಅದು ಪೂರ್ತಿ ಒಣಗಿದ ಮೇಲೆ ಬಾಡಿ ಬಣ್ಣದ ಎರಡು ಕೋಟ್.

ತೂತು ದೊಡ್ಡದಾಗಿ ಕ್ಲಿಪ್ ನಿಲ್ಲುವುದಿಲ್ಲ ಅನ್ನಿ. ಆಗ ಪುಟ್ಟಿ ತುಂಬಿಸಿ, ಪಟ್ಟಿಯನ್ನು ಅಂಟು ಟೇಪಿನಲ್ಲಿ ಕೂರಿಸಿ ಕೊಡುವವರಿದ್ದಾರೆ. ಒಪ್ಪಬೇಡಿ. ಪುಟ್ಟಿ ಹಿಂದಿನಿಂದ ತೇವ ಹೀರುತ್ತದೆ, ಮೇಲಿನ ಪೈಂಟ್ ಬೊಕ್ಕೆಯ ಹಾಗೆ ಏಳುತ್ತದೆ. ಟಿಂಕರ್ ಹತ್ತಿರ ವೆಲ್ಡ್ ಮಾಡಿಸಿ ಮುಚ್ಚಿ, ಅದೇ ಜಾಗದಲ್ಲಿ ಹೊಸ ತೂತು ಕೊರೆಯುವುದೇ ಸರಿಯಾದ ದಾರಿ. ಖಂಡಿತ ಖರ್ಚು ಜಾಸ್ತಿ, ಆದರೆ ಒಂದೇ ಸಲದ ಖರ್ಚು.

ಕೊರೆಯುವಾಗ ಡೋರಿನ ಗ್ಲಾಸನ್ನು ಪೂರ್ತಿ ಮೇಲೆತ್ತಿ. ಇಳಿಸಿದ ಗ್ಲಾಸ್ ತಗಡಿನ ಹಿಂದೆಯೇ ನಿಂತಿರುತ್ತದೆ, ಡ್ರಿಲ್ ತಾಗಿದರೆ ಪುಡಿ ಪುಡಿ. ಡ್ರಿಲ್ ಬಿಟ್ಟಿಗೆ ಸಣ್ಣ ಮರದ ತುಂಡೊಂದನ್ನು ಪೋಣಿಸಿ, ತುದಿ ಮಾತ್ರ ಹೊರಗಿರುವಂತೆ ಮಾಡಿಕೊಂಡರೆ ಆಳಕ್ಕೆ ಜಾರುವುದಿಲ್ಲ. ಮೊದಲು 3 ಮಿಲಿಮೀಟರ್ ತೂತು, ಆಮೇಲೆ ಕ್ಲಿಪ್ಪಿನ ಅಳತೆಗೆ. ಕಣ್ಣಿಗೆ ಕನ್ನಡಕ ಇರಲಿ. ಕೊರೆದ ಚೂರು ಡೋರಿನ ತಳದಲ್ಲಿ ಉಳಿದರೆ ಅಲ್ಲೇ ತುಕ್ಕು ಹಿಡಿಯುತ್ತದೆ. ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಒಳಗೆ ಆಡಿಸಿ, ಎಲ್ಲ ಎತ್ತಿಬಿಡಿ.

ಗೆರೆ ಹಿಡಿದು ಕೂರಿಸುವುದು

ಪಟ್ಟಿಯ ಮೇಲಂಚು ಬರಬೇಕಾದಲ್ಲಿ ಮುಂದಿನ ಮಡ್‌ಗಾರ್ಡಿನಿಂದ ಹಿಂದಿನ ದೀಪದವರೆಗೆ ಪೇಪರ್ ಟೇಪ್ ಎಳೆಯಿರಿ. ಡೋರುಗಳು ಮುಚ್ಚಿರಲಿ. ಹಿಂದಿನ ದೀಪದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ. ಸಂಜೆಯ ಓರೆ ಬಿಸಿಲಿನಲ್ಲಿ ಸ್ವಲ್ಪ ಏರುಪೇರು ಇದ್ದರೂ ಕಾಣುತ್ತದೆ. ಡೋರ್ ಜೋತು ಬಿದ್ದಿದ್ದರೆ ಈಗ ಗೊತ್ತಾಗುತ್ತದೆ. ಹಿಂಜ್ ಸರಿಮಾಡಿಸಿದ ಮೇಲೆಯೇ ಮುಂದಿನ ಕೆಲಸ.

ಕ್ಲಿಪ್ಪುಗಳನ್ನು ಪಟ್ಟಿಗೆ ಮೊದಲೇ ಹಾಕಿ ನೋಡಿ. ತಾನಾಗಿ ಜಾರಬಾರದು, ಬೆರಳಿನಿಂದ ದೂಡಿದರೆ ಸರಿಯಬೇಕು. ಸಡಿಲ ಇದ್ದರೆ ದಾರಿಯುದ್ದಕ್ಕೂ ಗಲಗಲ ಸದ್ದು. ತೂತಿನ ಸುತ್ತ ಸ್ವಲ್ಪ ಬ್ಯೂಟೈಲ್ ಸೀಲರ್ ಇಟ್ಟು, ಕ್ಲಿಪ್ಪಿನ ಅಡಿಗೆ ತೆಳು ರಬ್ಬರ್ ವಾಷರ್ ಹಾಕಿ. ಸೀಲರ್ ನೀರು ತಡೆಯುತ್ತದೆ, ವಾಷರ್ ಎರಡು ಲೋಹಗಳನ್ನು ಬೇರೆ ಇಡುತ್ತದೆ. ಉಪ್ಪು ನೀರು ಬಿದ್ದಲ್ಲಿ ಸ್ಟೇನ್‌ಲೆಸ್ ಪಟ್ಟಿ ತಾಗಿದ ಬಾಡಿ ತಗಡು ಬೇಗ ತುಕ್ಕು ಹಿಡಿಯುತ್ತದೆ. ಪಟ್ಟಿ ಅಲ್ಯೂಮಿನಿಯಂ ಆದರೆ ಅದೇ ಬಿಳಿ ಪುಡಿಯಾಗುತ್ತಾ ಹೋಗುತ್ತದೆ. ಸಿಲಿಕಾನ್ ಬಳಸುವುದಾದರೆ ಹುಳಿ ವಾಸನೆಯದ್ದು ಬೇಡ, ಆ ಹುಳಿಯೇ ಲೋಹವನ್ನು ತಿನ್ನುತ್ತದೆ.

ಮುಂದಿನ ಡೋರಿನಿಂದ ಶುರು ಮಾಡಿ. ತುದಿಯ ಬೋಲ್ಟುಗಳನ್ನು ತೂತಿಗೆ ಕೂರಿಸಿ, ನಟ್ಟು ಸುಮ್ನೆ ಹಿಡಿಯುವಷ್ಟು ತಿರುಗಿಸಿ. ಮೇಲಂಚನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಕೆಳ ಅಂಚನ್ನು ಅಂಗೈಯಿಂದ ಒತ್ತಿ. ಟಕ್ ಎಂದು ಕೂರಬೇಕು. ಕೂರದಿದ್ದರೆ ಸುತ್ತಿಗೆ ಎತ್ತಿಕೊಳ್ಳಬೇಡಿ, ಕ್ಲಿಪ್ ಓರೆಯಾಗಿದೆಯೇ ನೋಡಿ. ಪಟ್ಟಿಯ ತುದಿ ಡೋರಿನ ಅಂಚಿಗಿಂತ 3 ಮಿಲಿಮೀಟರ್ ಒಳಗಿರಲಿ. ಡೋರ್ ಮೆಲ್ಲಗೆ ತೆರೆಯುತ್ತಾ, ಪಟ್ಟಿ ಮಡ್‌ಗಾರ್ಡಿಗೆ ತಾಗುತ್ತದೆಯೇ ಎಂದು ಕಣ್ಣಿಟ್ಟು ನೋಡಿ. ಆಮೇಲೆ ಹಿಂದಿನ ಡೋರ್, ಮಡ್‌ಗಾರ್ಡ್. ಎಲ್ಲ ಒಂದೇ ಗೆರೆಗೆ ಬಂದ ಮೇಲಷ್ಟೇ ನಟ್ಟು ಬಿಗಿ ಮಾಡಿ. ಅದೂ ಹದವಾಗಿ, ಜಾಸ್ತಿ ಬಿಗಿದರೆ ತಗಡು ಒಳಗೆ ಎಳೆದುಕೊಳ್ಳುತ್ತದೆ. ಬಾನೆಟ್, ಡಿಕ್ಕಿಯ ಮೇಲಿನ ಅಕ್ಷರ, ಲಾಂಛನಗಳಿಗೂ ಇದೇ ಕ್ರಮ.

ಡೋರ್ ಪ್ಯಾಡ್ ಹಾಕುವ ಮೊದಲು ಪೈಪಿನಲ್ಲಿ ಪಟ್ಟಿಯ ಮೇಲೆ ಐದು ನಿಮಿಷ ನೀರು ಬಿಡಿ. ಒಬ್ಬರು ಒಳಗೆ ಕೂತು ಟಾರ್ಚಿನಲ್ಲಿ ಪ್ರತಿ ಕ್ಲಿಪ್ಪಿನ ಹಿಂಬದಿ ನೋಡಲಿ. ಹನಿ ಕಂಡಲ್ಲಿ ಬಿಚ್ಚಿ, ಒರೆಸಿ ಒಣಗಿಸಿ, ಮತ್ತೆ ಸೀಲರ್ ಹಾಕಿ. ಗ್ಲಾಸಿನ ಬದಿಯಿಂದ ಡೋರಿನೊಳಗೆ ನೀರು ಇಳಿಯುವುದು ಸಹಜ. ಅದು ಹೊರಗೆ ಹೋಗಲು ಡೋರಿನ ತಳದಲ್ಲಿ ಸಣ್ಣ ತೂತುಗಳಿವೆ. ಮಣ್ಣು ಕಟ್ಟಿದ್ದರೆ ಹಿಡಿಸೂಡಿಯ ಕಡ್ಡಿ ತೂರಿಸಿ ಬಿಡಿಸಿ. ಎಲ್ಲ ಒಣಗಿದ ಮೇಲೆ ಒಳಗಿನ ಬೋಲ್ಟು, ಕ್ಲಿಪ್ಪುಗಳಿಗೆ ಮೇಣದ ಸ್ಪ್ರೇ ಹೊಡೆದು, ಪ್ಲಾಸ್ಟಿಕ್ ಹಾಳೆ ಅಂಟಿಸಿ ಪ್ಯಾಡ್ ಮುಚ್ಚಿ. ಮುಂದಿನ ವರ್ಷ ಪತ್ತನಾಜೆಗೆ ಮೊದಲು ಪ್ಯಾಡ್ ತೆಗೆದು ಈ ಮೇಣವನ್ನು ಇನ್ನೊಮ್ಮೆ ಹೊಡೆಯಬೇಕು.