ರಾಜಮನೆತನದ ಮದುವೆ ಲಕೋಟೆ: ಮೊದಲು ಠಸ್ಸೆ ಓದಿ

ಹಳೇ ಟ್ರಂಕಿನ ತಳದಲ್ಲಿ ಚಾರ್ಲ್ಸ್, ಡಯಾನಾ ಚಿತ್ರದ ಸ್ಟ್ಯಾಂಪ್ ಇರುವ ಒಂದು ಲಕೋಟೆ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಲಂಡನ್ನಿನಿಂದ ಯಾರೋ ನೆಂಟರು ಬರೆದ ಕಾಗದ. ತಕ್ಷಣ ಸ್ಟ್ಯಾಂಪ್ ಬಿಡಿಸಿಕೊಳ್ಳೋಣ ಅನ್ನಿಸುತ್ತೆ, ಅಲ್ವಾ? ದಯವಿಟ್ಟು ಬಿಡಿಸಬೇಡಿ. ಶಾಲೆಗೆ ಹೋಗುವಾಗ ನಾನು ಹಾಗೇ ಮಾಡಿದ್ದೆ. ಲಕೋಟೆಯ ಮೂಲೆ ಕತ್ತರಿಸಿ ಬಟ್ಟಲು ನೀರಲ್ಲಿ ನೆನೆಹಾಕಿದೆ. ಸ್ಟ್ಯಾಂಪ್ ಚೆನ್ನಾಗಿಯೇ ಬಿಟ್ಟುಕೊಂಡಿತು. ಆದರೆ ಠಸ್ಸೆಯ, ಅಂದರೆ ಅಂಚೆ ಕಚೇರಿಯವರು ಒತ್ತುವ ಸೀಲಿನ, ಅರ್ಧ ಭಾಗ ಲಕೋಟೆಯ ಮೇಲಿತ್ತು. ತಾರೀಕು, ಊರಿನ ಹೆಸರು ಎರಡೂ ಆ ಅರ್ಧದಲ್ಲೇ ಇದ್ದವು. ಅದು ಕಸದ ಬುಟ್ಟಿಗೆ ಹೋಯಿತು. ಆ ಬೇಸರ ಇನ್ನೂ ಹೋಗಿಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲು ಯಾವ ದೇಶದ್ದು ಅಂತ ನೋಡಿ. ಬ್ರಿಟನ್ನಿನ ಸ್ಟ್ಯಾಂಪಿನಲ್ಲಿ ದೇಶದ ಹೆಸರೇ ಇರುವುದಿಲ್ಲ. ಅದರ ಬದಲು ಆಗಿನ ರಾಣಿ ಅಥವಾ ರಾಜನ ತಲೆಯ ಪುಟ್ಟ ಚಿತ್ರ ಇರುತ್ತದೆ. ಯಾವುದಾದರೂ ದೇಶದ ಹೆಸರು ಕಂಡರೆ ಅದು ಕಾಮನ್‌ವೆಲ್ತ್‌ನ ಯಾವುದೋ ನಾಡಿನದ್ದು ಇರಬಹುದು. 1981ರಲ್ಲಿ ಎಷ್ಟೋ ಪುಟ್ಟ ದ್ವೀಪಗಳೂ ಈ ಮದುವೆಗೆ ಸ್ಟ್ಯಾಂಪ್ ತಂದವು.

ಆಮೇಲೆ ಭೂತಗನ್ನಡಿ ಹಿಡಿದು ಠಸ್ಸೆಯ ತಾರೀಕು ಓದಿ. ಮುಖ್ಯ ಕೆಲಸ ಇದೇ, ಅವಸರ ಬೇಡ. ಚಾರ್ಲ್ಸ್, ಡಯಾನಾ ಮದುವೆ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ನಡೆದದ್ದು 1981ರ ಜುಲೈ 29ರಂದು. ಸ್ಟ್ಯಾಂಪ್ ಬಂದದ್ದು ಅದಕ್ಕೂ ಒಂದು ವಾರ ಮೊದಲು, ಜುಲೈ 22ಕ್ಕೆ. 14 ಪೆನ್ಸ್ ಮತ್ತು 25 ಪೆನ್ಸ್‌ನ ಎರಡು ಸ್ಟ್ಯಾಂಪ್, ಎರಡರಲ್ಲೂ ಲಾರ್ಡ್ ಸ್ನೋಡನ್ ತೆಗೆದ ಅದೇ ಫೋಟೊ. ಹಾಗಾಗಿ ಠಸ್ಸೆಯಲ್ಲಿ 22 ಇದ್ದರೆ ನಿಮ್ಮದು ಫಸ್ಟ್ ಡೇ ಕವರ್, ಅಂದರೆ ಸ್ಟ್ಯಾಂಪ್ ಬಂದ ದಿನವೇ ಠಸ್ಸೆ ಬಿದ್ದ ಲಕೋಟೆ. 29 ಇದ್ದರೆ ಮದುವೆ ದಿನದ ಕವರ್. ಸ್ಟ್ಯಾಂಪ್ ಒಂದೇ, ಹೇಳುವ ಕಥೆ ಬೇರೆ. ನನಗಂತೂ 29ರದ್ದೇ ಇಷ್ಟ.

ಎಲ್ಲ ಮದುವೆಗೂ ಹೀಗೆ ಎರಡು ತಾರೀಕು ಇರುವುದಿಲ್ಲ. 1973ರಲ್ಲಿ ರಾಜಕುಮಾರಿ ಆನ್ ಮದುವೆಯ ಸ್ಟ್ಯಾಂಪ್ ಮದುವೆಯ ದಿನವೇ, ನವೆಂಬರ್ 14ಕ್ಕೆ ಬಂತು. ಆದರೆ 2011ರಲ್ಲಿ ವಿಲಿಯಂ, ಕೇಟ್ ಮದುವೆ ಏಪ್ರಿಲ್ 29ಕ್ಕೆ, ಸ್ಟ್ಯಾಂಪ್ 21ಕ್ಕೇ ಬಂದಿತ್ತು. 2005ರದ್ದು ಇನ್ನೂ ಸ್ವಾರಸ್ಯ. ಚಾರ್ಲ್ಸ್, ಕ್ಯಾಮಿಲಾ ಮದುವೆ ಏಪ್ರಿಲ್ 8ಕ್ಕೆ ಅಂತ ನಿಗದಿಯಾಗಿತ್ತು. ಆ ದಿನ ಪೋಪ್ ಎರಡನೇ ಜಾನ್ ಪಾಲ್ ಅವರ ಅಂತ್ಯಸಂಸ್ಕಾರ ಬಂದಿದ್ದರಿಂದ ಮದುವೆ 9ಕ್ಕೆ ಹೋಯಿತು. ಅಷ್ಟರಲ್ಲಿ ಸ್ಟ್ಯಾಂಪ್ ಹಾಳೆ 8ನೇ ತಾರೀಕು ಹೊತ್ತು ಅಚ್ಚಾಗಿಬಿಟ್ಟಿತ್ತು.

ಮುಂದೆ ಠಸ್ಸೆಯ ಶಾಯಿ ನೋಡಿ. ಗೆರೆ ಸ್ಟ್ಯಾಂಪಿನಿಂದ ಲಕೋಟೆಗೆ ಕಡಿಯದೆ ಹರಿದಿರಬೇಕು. ಅಂಚಿನಲ್ಲೇ ಸಟ್ಟನೆ ನಿಂತಿದ್ದರೆ, ಬೇರೆಲ್ಲೋ ಇದ್ದ ಸ್ಟ್ಯಾಂಪನ್ನು ತಂದು ಅಂಟಿಸಿರಬಹುದು. ಬಿಡಿ ಸ್ಟ್ಯಾಂಪಾದರೆ ಹಿಂದೆ ತಿರುಗಿಸಿ. ಠಸ್ಸೆ ಬಿದ್ದಿದ್ದರೂ ಅಂಟು ಹಾಗೇ ಹೊಳೆಯುತ್ತಿದ್ದರೆ ಅದು ಕಾಗದದ ಮೇಲೆ ಊರು ಸುತ್ತಿದ್ದಲ್ಲ, ಸಂಗ್ರಾಹಕರಿಗೆ ಮಾರಲೆಂದೇ ಸೀಲು ಹಾಕಿದ್ದು.

ಜೋಡಿ ಸ್ಟ್ಯಾಂಪ್ ಸಿಕ್ಕರೆ ಹರಿಯಬೇಡಿ. 2011ರಲ್ಲಿ ನಿಯೂ ದ್ವೀಪದ ಸ್ಟ್ಯಾಂಪಿನಲ್ಲಿ ತೂತಿನ ಸಾಲು ವಿಲಿಯಂ, ಕೇಟ್ ನಡುವೆಯೇ ಹಾದುಹೋಗಿತ್ತು. ಹರಿದರೆ 3.40 ಡಾಲರಿನ ವರ ಒಂದು ಕಡೆ, 2.40 ಡಾಲರಿನ ವಧು ಇನ್ನೊಂದು ಕಡೆ!

ಇನ್ನು ಜೋಪಾನ. ಲ್ಯಾಮಿನೇಷನ್ ಬೇಡವೇ ಬೇಡ. ರಬ್ಬರ್ ಬ್ಯಾಂಡು, ಸೆಲೋಟೇಪು, ಅಗ್ಗದ ಪಿವಿಸಿ ಕವರೂ ಬೇಡ. ಆಸಿಡ್ ಇಲ್ಲದ ಆಲ್ಬಂನಲ್ಲಿ ನಿಲ್ಲಿಸಿಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ. ಇಲ್ಲದಿದ್ದರೆ ಕಂದು ಚುಕ್ಕೆ ಬೀಳುತ್ತದೆ, ಅದು ಹೋಗುವುದು ಕಷ್ಟ.

ಕೊಳ್ಳುವಾಗ ಜಾಸ್ತಿ ದುಡ್ಡು ಸುರಿಯಬೇಡಿ. 1981ರ ಸ್ಟ್ಯಾಂಪು ರಾಶಿ ರಾಶಿ ಅಚ್ಚಾಗಿವೆ.

ಲಕೋಟೆಯೊಳಗೆ ಕಾಗದ ಇದ್ದರೆ ಅದನ್ನೂ ಲಕೋಟೆಯ ಪಕ್ಕದಲ್ಲೇ ಇನ್ನೊಂದು ಕವರಿಗೆ ಹಾಕಿಡಿ. ಯಾರು ಯಾರಿಗೆ ಬರೆದದ್ದು ಅಂತ ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಿ, ಲಕೋಟೆಯ ಮೇಲೆ ಬರೆಯಬೇಡಿ.